ಸೀಮಾವಿವಾದವೂ ದಂಡಪ್ರಯೋಗವೂ: ನೇಪಾಳದ ತರಾಯಿಯಲ್ಲಿ ಕ್ರಿ. ಶ. ೨೦೧೫ನೆಯ ವರ್ಷದ ವೃತ್ತಾಂತ

೧

ನೇಪಾಳದೇಶದ ದಕ್ಷಿಣದಂಚಿನಲ್ಲಿ, ಬಾರಾ ಎಂಬ ಜಿಲ್ಲೆಯೊಳಗೆ, ಸಿಮ್ರೌನ್‌ಗಢವೆಂಬ ಪ್ರಾಚೀನಸ್ಥಲವೊಂದಿದೆ. ಕ್ರಿ. ಶ. ೧೦೯೭ರಲ್ಲಿ ರಾಜ್ಯವನ್ನು ಸ್ಥಾಪಿಸಿದ ನಾನ್ಯದೇವನೂ ಅವನ ಸಂತತಿಯವರೂ ಇದನ್ನು ರಾಜಧಾನಿಯಾಗಿ ಮಾಡಿಕೊಂಡು ಮಿಥಿಲೆಯನ್ನಾಳಿದರು. ಆ ವಂಶವು ಇತಿಹಾಸದಲ್ಲಿ ಕರ್ಣಾಟವಂಶವೆಂದೇ ಪ್ರಸಿದ್ಧವಾದುದು. ಕ್ರಿ. ಶ. ೧೩೨೪ರ ಸುಮಾರಿನಲ್ಲಿ ಘಿಯಾಸುದ್ದೀನ್ ತುಘಲಕನ ದಂಡಯಾತ್ರೆಯಿಂದ ಹರಿಸಿಂಹದೇವನು ಉತ್ತರದ ಬೆಟ್ಟಗಳಿಗೆ ಸರಿಯುವವರೆಗೂ ಅದು ಅಲ್ಲಿ ನೆಲೆಸಿತ್ತು. ಆ ಹರಿಸಿಂಹದೇವನ ಮಂತ್ರಿಯಾದ ಚಂಡೇಶ್ವರಠಕ್ಕುರನೇ ವಿವಾದರತ್ನಾಕರವೆಂಬ ವ್ಯವಹಾರನಿಬಂಧವನ್ನು ರಚಿಸಿದವನು. ಆದುದರಿಂದ ಆ ನಾಡು ಕನ್ನಡಿಗರಾದ ನಮಗೆ ಸರ್ವಥಾ ಪರಕೀಯವಲ್ಲ.

ಈ ಬಾರಾ ಜಿಲ್ಲೆಯನ್ನೊಳಗೊಂಡ ತರಾಯಿ ಬಯಲಿನಲ್ಲಿ ೨೦೧೫ರ ಆಗಸ್ಟ್ ಮತ್ತು ಸೆಪ್ಟೆಂಬರ್ ತಿಂಗಳುಗಳೊಳಗೆ, ಹೊಸ ಪ್ರಾಂತಗಳ ಎಲ್ಲೆಯ ವಿಷಯವಾಗಿ ವಿವಾದವೆದ್ದು, ನಲವತ್ತಕ್ಕೂ ಮೇಲ್ಪಟ್ಟು ಜನರು ಪ್ರಾಣವನ್ನು ಕಳೆದುಕೊಂಡರು. ಅವರಲ್ಲಿ ಪೋಲೀಸಿನವರೂ ಇದ್ದರು, ಪೋಲೀಸಿನವರ ಗುಂಡಿಗೆ ಬಲಿಯಾದವರೂ ಇದ್ದರು. ಆ ವೃತ್ತಾಂತವನ್ನು ಸಂಗ್ರಹವಾಗಿ ನಿರೂಪಿಸಿ, ನಮ್ಮ ಧರ್ಮಶಾಸ್ತ್ರಕಾರರು ಸೀಮಾನಿರ್ಣಯಕ್ಕೆ ವಿಧಿಸಿದ ಕ್ರಮದೊಡನೆ ಅದನ್ನು ಹೋಲಿಸಿ ನೋಡುವುದೇ ಪ್ರಕೃತ ಲೇಖನದ ಉದ್ದೇಶವು.

೨

ಹದಿನೆಂಟು ವ್ಯವಹಾರಪದಗಳಲ್ಲಿ ಸೀಮಾವಿವಾದವೂ ಒಂದೆಂಬುದು ವಿದ್ವಾಂಸರಿಗೆ ವಿದಿತವೇ ಆಗಿದೆ. ಕಲ್ಯಾಣದ ಚಾಲುಕ್ಯಚಕ್ರವರ್ತಿಯೂ ನಾನ್ಯದೇವನ ಸಮಕಾಲೀನನೂ ಆದ ಆರನೆಯ ವಿಕ್ರಮಾದಿತ್ಯನ ಆಳಿಕೆಯಲ್ಲಿ ವಿಜ್ಞಾನೇಶ್ವರನು ಬರೆದ ಮಿತಾಕ್ಷರೆಯಲ್ಲಿ ಸೀಮೆಯು ಜನಪದಸೀಮೆ, ಗ್ರಾಮಸೀಮೆ, ಕ್ಷೇತ್ರಸೀಮೆ, ಗೃಹಸೀಮೆ ಎಂದು ನಾಲ್ಕು ಬಗೆಯಾಗಿ ವಿಭಾಗಿಸಲ್ಪಟ್ಟಿದೆ. ಅಲ್ಲಿಯೇ ಲಕ್ಷಣಭೇದದಿಂದ ಐದು ಹೆಸರುಗಳು ಹೇಳಲ್ಪಟ್ಟಿವೆ: ಮರಗಳಿಂದ ಗುರುತಾದುದು ಧ್ವಜಿನಿ, ನೀರಿನಿಂದ ಗುರುತಾದುದು ಮತ್ಸ್ಯಿನಿ, ಹೊಟ್ಟು ಮೊದಲಾದುವನ್ನು ಹೂಳಿ ಮಾಡಿದುದು ನೈಧಾನಿ, ಉಭಯಪಕ್ಷದವರೂ ಒಡಂಬಟ್ಟು ಹಾಕಿಕೊಂಡುದು ಭಯವರ್ಜಿತೆ, ಯಾವ ಚಿಹ್ನವೂ ಇಲ್ಲದಲ್ಲಿ ಅರಸನ ಆಜ್ಞೆಯಿಂದ ಏರ್ಪಟ್ಟುದು ರಾಜಶಾಸನನೀತೆ.

ನಿರ್ಣಯದ ಕ್ರಮವೂ ಸ್ಪಷ್ಟವಾಗಿದೆ. ಮೊದಲು ಚಿಹ್ನಗಳು, ಅವುಗಳಲ್ಲಿ ಸಂದೇಹ ಬಂದರೆ ಸಾಕ್ಷಿಗಳು, ಅವರಿಲ್ಲದಿದ್ದರೆ ಸಾಮಂತರು, ಎಂದರೆ ನೆರೆಯ ಗ್ರಾಮದವರು, ಅವರೂ ಇಲ್ಲದಿದ್ದರೆ ದನಗಾಹಿಗಳು, ಬೇಡರು, ಬೆಸ್ತರು, ಬೇರು ಕೀಳುವವರು, ಹಾವಾಡಿಗರು. ಇವರೆಲ್ಲರೂ ಆ ನೆಲದಲ್ಲಿ ಓಡಾಡಿ ಅದನ್ನು ಬಲ್ಲವರೆಂಬುದೇ ಇಲ್ಲಿ ಹೇತುವು. ಇವರಾರೂ ದೊರೆಯದ ಪಕ್ಷದಲ್ಲಿ ಮಾತ್ರ ಅರಸನು ತಾನೇ ಎಲ್ಲೆಯನ್ನು ಹಾಕತಕ್ಕದ್ದು. ರಾಜಾಜ್ಞೆಯು ಕಡೆಯ ಉಪಾಯವೇ ಹೊರತು ಮೊದಲನೆಯದಲ್ಲ. ಎಲ್ಲೆಯ ಗುರುತುಗಳು ಚೆನ್ನಾಗಿ ಕಾಣುವ ಜ್ಯೇಷ್ಠಮಾಸದಲ್ಲಿ ಈ ಕಾರ್ಯವನ್ನು ಮಾಡತಕ್ಕದ್ದೆಂದು ಮನುಸ್ಮೃತಿಯು ವಿಧಿಸುತ್ತದೆ.

ಸ್ಮೃತಿಗಳು ವರ್ಣಭೇದದಿಂದ ದಂಡಭೇದವನ್ನು ಹೇಳಿದುವಲ್ಲವೇ, ಅವುಗಳಿಂದ ಈ ಕಾಲದ ರಾಜ್ಯವನ್ನು ಅಳೆಯುವುದು ಹೇಗೆಂದು ಆಕ್ಷೇಪಿಸಬಹುದು. ಆಕ್ಷೇಪವು ಯುಕ್ತವೇ. ನಾವು ಇಲ್ಲಿ ಸ್ವೀಕರಿಸುವುದು ವಿಚಾರದ ಕ್ರಮವನ್ನೇ ಹೊರತು ಆ ಭೇದವನ್ನಲ್ಲ.

೩

ಇನ್ನು ತರಾಯಿಯ ವಿಷಯ. ಮೈಥಿಲಿ, ಭೋಜಪುರಿ, ಅವಧಿ ಭಾಷೆಗಳನ್ನಾಡುವ ಮಧೇಶಿಗಳೂ, ಬಹುಕಾಲದಿಂದ ಅಲ್ಲಿಯೇ ನೆಲಸಿರುವ ಥಾರೂ ಜನರೂ ಈ ಬಯಲಿನ ನಿವಾಸಿಗಳು. ಬೆಟ್ಟದ ನಾಡಿನಿಂದ ಇಳಿದುಬಂದವರೂ ಈಚೆಗೆ ಬಹಳವಾಗಿ ಸೇರಿಕೊಂಡಿದ್ದಾರೆ. ೨೦೧೧ರ ಜನಗಣತಿಯಂತೆ ನೇಪಾಳದ ಅರ್ಧಕ್ಕಿಂತ ಸ್ವಲ್ಪ ಹೆಚ್ಚಿನ ಜನಸಂಖ್ಯೆಯು ತರಾಯಿಯಲ್ಲಿತ್ತು. ಈ ನೆಲಕ್ಕೆ ಎಲ್ಲೆಗಳು ಯಾವಾಗಲೂ ಹೊರಗಿನಿಂದಲೇ ಬಂದುವು. ೧೮೧೬ರಲ್ಲಿ ಊರ್ಜಿತವಾದ ಸುಗೌಲಿಯ ಸಂಧಿಯು ಪ್ರಾಚೀನಮಿಥಿಲೆಯನ್ನು ಎರಡು ರಾಜ್ಯಗಳ ನಡುವೆ ಸೀಳಿತು. ಬಾಂಕೆ, ಬರ್ದಿಯಾ, ಕೈಲಾಲಿ, ಕಂಚನಪುರ ಎಂಬ ಪಶ್ಚಿಮದ ನಾಲ್ಕು ಭಾಗಗಳನ್ನು ಆಂಗ್ಲರು ೧೮೬೦ರಲ್ಲಿ ಜಂಗಬಹಾದೂರನಿಗೆ ಹಿಂದಿರುಗಿಸಿದರು. ಪಂಚಾಯತ್ ಆಳಿಕೆಯ ಕಾಲದಲ್ಲಿ ದೇಶವು ೧೪ ಅಂಚಲಗಳಾಗಿಯೂ ೭೫ ಜಿಲ್ಲೆಗಳಾಗಿಯೂ ವಿಂಗಡಿಸಲ್ಪಟ್ಟಾಗಲೂ ಅಲ್ಲಿಯ ಜನರನ್ನು ಕೇಳಿದವರಿಲ್ಲ.

೨೦೦೭ರ ಮಧೇಶ ಆಂದೋಲನದ ತರುವಾಯ ಮಧ್ಯಂತರರಾಜ್ಯಾಂಗದಲ್ಲಿ ಸಂಯುಕ್ತರಾಜ್ಯಪದ್ಧತಿಯು ಅಂಗೀಕೃತವಾಯಿತು. ೨೦೦೮ರ ಫೆಬ್ರವರಿ ೨೮ರಂದು ಸರಕಾರಕ್ಕೂ ಮಧೇಶಿ ಪಕ್ಷಗಳಿಗೂ ಆದ ಎಂಟು ಅಂಶಗಳ ಒಪ್ಪಂದದಲ್ಲಿ ಸ್ವಾಯತ್ತವಾದ ಮಧೇಶಪ್ರಾಂತದ ಆಕಾಂಕ್ಷೆಯು ಮನ್ನಿಸಲ್ಪಟ್ಟಿತು. ೨೦೧೦ರಲ್ಲಿ ರಾಜ್ಯಾಂಗಸಭೆಯ ಸಮಿತಿಯು ೧೪ ಪ್ರಾಂತಗಳನ್ನೂ, ೨೦೧೨ರಲ್ಲಿ ಪುನರ್ವ್ಯವಸ್ಥಾ ಆಯೋಗದ ಬಹುಮತವು ೧೧ ಪ್ರಾಂತಗಳನ್ನೂ ಸೂಚಿಸಿದುವು. ಎರಡರಲ್ಲಿಯೂ ತರಾಯಿಯಲ್ಲಿ ಪೂರ್ವಪಶ್ಚಿಮಗಳಾಗಿ ಎರಡು ಪ್ರಾಂತಗಳಿದ್ದುವೆಂಬುದು ಗಮನಾರ್ಹವು. ಚಿಹ್ನಗಳೂ ಇದ್ದುವು, ಸಾಕ್ಷ್ಯವೂ ಇದ್ದಿತೆಂದು ಇದರಿಂದ ಸಿದ್ಧವಾಗುತ್ತದೆ.

೨೦೧೫ರ ಏಪ್ರಿಲ್ ೨೫ರ ಭೂಕಂಪದಲ್ಲಿ ಸುಮಾರು ೯,೦೦೦ ಜನರು ಮಡಿದರು. ಆ ಆಪತ್ತಿನ ನಡುವೆ, ಜೂನ್ ೮ರಂದು, ನಾಲ್ಕು ಪಕ್ಷಗಳ ನಾಯಕರು ಹದಿನಾರು ಅಂಶಗಳ ಒಪ್ಪಂದವನ್ನು ಮಾಡಿಕೊಂಡು, ಎಂಟು ಪ್ರಾಂತಗಳಿರತಕ್ಕದ್ದೆಂದೂ ಎಲ್ಲೆಗಳನ್ನು ಮುಂದೆ ಆಯೋಗವೊಂದು ಗೊತ್ತುಮಾಡತಕ್ಕದ್ದೆಂದೂ ನಿಶ್ಚಯಿಸಿದರು. ನೇಪಾಳದ ಪಂಚಾಂಗದಲ್ಲಿ ಅದು ಜ್ಯೇಷ್ಠಮಾಸವೇ. ಆದರೆ ಆಗ ಎಲ್ಲೆಯನ್ನು ನೋಡದೆ ಮುಂದೂಡಿದರು. ಜೂನ್ ೧೯ರಂದು ಸರ್ವೋಚ್ಚನ್ಯಾಯಾಲಯದ ನ್ಯಾಯಮೂರ್ತಿ ಗಿರೀಶಚಂದ್ರ ಲಾಲರು ಇದನ್ನು ತಡೆದು ಮಧ್ಯಂತರಾಜ್ಞೆಯನ್ನು ಕೊಟ್ಟರು. ಆಗಸ್ಟ್ ೮ರಂದು ನಾಯಕರು ಆರು ಪ್ರಾಂತಗಳ ನಕ್ಷೆಯನ್ನು ಹೊರಡಿಸಿದರು. ಬೆಟ್ಟದ ಸುರ್ಖೇತ್, ಜುಮ್ಲಾಗಳಲ್ಲಿ ಪ್ರತಿಭಟನೆಗಳಾದುವು. ಸುರ್ಖೇತಿನಲ್ಲಿ ಗುಂಡಿನಿಂದ ಪ್ರಾಣಹಾನಿಯೂ ಆಯಿತು. ಹದಿಮೂರು ದಿನಗಳಲ್ಲಿ, ಆಗಸ್ಟ್ ೨೧ರಂದು, ಏಳು ಪ್ರಾಂತಗಳ ಹೊಸ ನಕ್ಷೆಯು ಬಂದು ಬೆಟ್ಟದವರ ಕೋರಿಕೆ ಈಡೇರಿತು. ಆದರೆ ತರಾಯಿಯ ಪೂರ್ವದ ಝಾಪಾ, ಮೋರಂಗ, ಸುನಸರಿಗಳೂ ಪಶ್ಚಿಮದ ಕೈಲಾಲಿ, ಕಂಚನಪುರಗಳೂ ಬೆಟ್ಟದವರೇ ಪ್ರಬಲರಾದ ಪ್ರಾಂತಗಳೊಳಗೆ ಉಳಿದುವು. ಒಂದು ಕಡೆಗೆ ಅಳಿಸಲಾಗುವ ಗೆರೆಯು ಇನ್ನೊಂದು ಕಡೆಗೆ ಏಕೆ ಅಳಿಸಲಾಗದೆಂಬ ಪ್ರಶ್ನೆಯು ಬಯಲಿನವರಲ್ಲಿ ಹುಟ್ಟಿದುದು ಸಹಜವು.

೪

ಆಗಸ್ಟ್ ೨೪ರಂದು ಕೈಲಾಲಿಯ ಟೀಕಾಪುರದಲ್ಲಿ ಪ್ರತ್ಯೇಕ ಥಾರೂ ಪ್ರಾಂತವನ್ನು ಬೇಡಿ ನೆರೆದ ಗುಂಪಿನವರು ಹಿರಿಯ ಅಧಿಕಾರಿಯೊಬ್ಬನೂ ಸೇರಿ ಎಂಟು ಮಂದಿ ಆರಕ್ಷಕಭಟರನ್ನು ಕ್ರೂರವಾಗಿ ಕೊಂದರು. ಅದೇ ದಿನ ಆರಕ್ಷಕನೊಬ್ಬನ ಎರಡು ವರ್ಷ ತುಂಬದ ಮಗುವೂ ಗುಂಡಿನಿಂದ ಸತ್ತಿತು. ಈ ಕೃತ್ಯಕ್ಕೆ ಯಾವ ಸಮರ್ಥನೆಯೂ ಇಲ್ಲ. ಮರುದಿನ ಸಂಚಾರನಿಷೇಧವು ಜಾರಿಯಲ್ಲಿರುವಾಗಲೇ ಥಾರೂ ಜನರ ಮನೆಗಳೂ ಅಂಗಡಿಗಳೂ ಸುಡಲ್ಪಟ್ಟುವು. ಆ ಬಳಿಕ ಪೂರ್ವದ ಜಿಲ್ಲೆಗಳಲ್ಲಿ ಪೋಲೀಸಿನವರ ಗುಂಡುಗಳು ಮತ್ತೆ ಮತ್ತೆ ಹಾರಿದುವು. ಸೆಪ್ಟೆಂಬರ್ ೧೧ರಂದು ಮಹೋತ್ತರಿಯಲ್ಲಿ, ಗಾಯಗೊಂಡು ಚಿಕಿತ್ಸೆಗೆ ಹೋಗುತ್ತಿದ್ದ ಆರಕ್ಷಕಾಧಿಕಾರಿಯೊಬ್ಬನನ್ನು ರೋಗಿವಾಹನದಿಂದ ಎಳೆದು ಕೊಂದರು. ಸೆಪ್ಟೆಂಬರ್ ೧೫ರಂದು ರೂಪಂದೇಹಿ ಜಿಲ್ಲೆಯಲ್ಲಿ ಗುಂಡಿಗೆ ಬಲಿಯಾದವರಲ್ಲಿ ನಾಲ್ಕು ವರ್ಷದ ಮಗುವೊಂದಿದ್ದಿತು.

ಹ್ಯೂಮನ್ ರೈಟ್ಸ್ ವಾಚ್ ಎಂಬ ಸಂಸ್ಥೆಯು ಐದು ಜಿಲ್ಲೆಗಳಲ್ಲಿ ೨೫ ಮರಣಗಳನ್ನು ಪರೀಕ್ಷಿಸಿ ಅಕ್ಟೋಬರಿನಲ್ಲಿ ವರದಿಯನ್ನು ಪ್ರಕಟಿಸಿತು. ಮೃತರಲ್ಲಿ ೯ ಮಂದಿ ಆರಕ್ಷಕರು, ೧೬ ಮಂದಿ ಇತರರು. ಪೋಲೀಸಿನವರಿಂದ ಹತರಾದವರು ಆ ಕ್ಷಣದಲ್ಲಿ ಯಾರ ಪ್ರಾಣಕ್ಕಾದರೂ ಅಪಾಯವನ್ನೊಡ್ಡುತ್ತಿದ್ದರೆಂಬುದಕ್ಕೆ ಆಧಾರವು ಸಿಕ್ಕಲಿಲ್ಲವೆಂದು ಅದರ ಸಾರಾಂಶವು.

ಇಲ್ಲಿ ಶಾಸನದ ದೋಷವೊಂದನ್ನು ಹೇಳಬೇಕು. ನೇಪಾಳದ ೧೯೭೧ರ ಸ್ಥಾನಿಕಾಡಳಿತ ಶಾಸನವು ಗಲಭೆಯಲ್ಲಿ ಗುಂಡು ಹಾರಿಸಲು ಜಿಲ್ಲೆಯ ಮುಖ್ಯಾಧಿಕಾರಿಗೆ ಅಧಿಕಾರವನ್ನು ಕೊಟ್ಟು, ಸಾಧ್ಯವಾದ ಮಟ್ಟಿಗೆ ಮೊಣಕಾಲಿನ ಕೆಳಗೆ ಹೊಡೆಯತಕ್ಕದ್ದೆಂದು ವಿಧಿಸಿತ್ತು. ೧೯೯೦ರಲ್ಲಿ ಹವಾನಾ ನಗರದಲ್ಲಿ ಸೇರಿದ ವಿಶ್ವಸಂಸ್ಥೆಯ ಸಮ್ಮೇಳನವಾದರೋ, ಪ್ರಾಣರಕ್ಷಣೆಗೆ ಅನ್ಯಮಾರ್ಗವೇ ಇಲ್ಲದಾಗ ಮಾತ್ರ ಪ್ರಾಣಾಂತಕವಾದ ಶಸ್ತ್ರಪ್ರಯೋಗವು ಸಲ್ಲುವುದೆಂದು ನಿರ್ಣಯಿಸಿತು. ಒಂದು ವಿಧಿಯು ಎಲ್ಲಿ ಹೊಡೆಯಬೇಕೆಂಬುದನ್ನು ಹೇಳುತ್ತದೆ; ಇನ್ನೊಂದು ಯಾವಾಗ ಹೊಡೆಯಬಹುದೆಂಬುದನ್ನು ಹೇಳುತ್ತದೆ. ಎರಡನೆಯದನ್ನು ವಿಚಾರಿಸದವನಿಗೆ ಮೊದಲನೆಯದು ರಕ್ಷಣೆಯಾಗಲಾರದು. ತಲೆಗೂ ಎದೆಗೂ ಗುಂಡು ತಗಲಿ ಸತ್ತವರು ತರಾಯಿಯಲ್ಲಿ ಹಲವರಿದ್ದರು.

೫

ಸೆಪ್ಟೆಂಬರ್ ೧೬ರಂದು ೫೦೭ ಮತಗಳಿಂದ ರಾಜ್ಯಾಂಗವು ಅಂಗೀಕೃತವಾಯಿತು. ೨೫ ಮಂದಿ ವಿರೋಧಿಸಿದರು. ಮಧೇಶಿ ಮತ್ತು ಥಾರೂ ಸದಸ್ಯರಲ್ಲಿ ಅನೇಕರು ಸಭೆಯನ್ನೇ ಬಹಿಷ್ಕರಿಸಿದ್ದರು. ಸೆಪ್ಟೆಂಬರ್ ೨೦ರಂದು ಅದು ಘೋಷಿತವಾಯಿತು. ೨೦೧೬ರ ಜನವರಿ ೨೩ರ ತಿದ್ದುಪಡಿಯಿಂದ ಪ್ರಾತಿನಿಧ್ಯದ ವಿಷಯವು ಕೆಲಮಟ್ಟಿಗೆ ಸರಿಹೋಯಿತಾದರೂ ಎಲ್ಲೆಯು ಕದಲಲಿಲ್ಲ. ಆ ತಿದ್ದುಪಡಿಗೆ ಎರಡು ದಿನ ಮೊದಲು ಮೋರಂಗದ ರಂಗೇಲಿಯಲ್ಲಿಯೂ, ೨೦೧೭ರ ಮಾರ್ಚ್ ೬ರಂದು ಸಪ್ತರಿಯಲ್ಲಿಯೂ ಗುಂಡುಗಳು ಹಾರಿ ಜನರು ಸತ್ತರು. ಎಂಟು ಜಿಲ್ಲೆಗಳ ಎರಡನೆಯ ಪ್ರಾಂತಕ್ಕೆ ಮಧೇಶಪ್ರದೇಶವೆಂಬ ಹೆಸರೂ ಜನಕಪುರವು ರಾಜಧಾನಿಯೆಂಬ ನಿರ್ಣಯವೂ ೨೦೨೨ರ ಜನವರಿಯಲ್ಲಿ ದೊರೆತುವು.

ಟೀಕಾಪುರದ ಹತ್ಯೆಗಳ ವಿಷಯದಲ್ಲಿ ನ್ಯಾಯವಿಚಾರಣೆ ನಡೆದು ಶಿಕ್ಷೆಗಳಾದುವು. ಶಿಕ್ಷಿತನಾದ ನಾಯಕನಿಗೆ ೨೦೨೩ರಲ್ಲಿ ಕ್ಷಮಾದಾನವೂ ಆಯಿತು. ಗುಂಡಿನ ವಿಷಯದಲ್ಲಿ ವಿಚಾರಿಸಲು ೨೦೧೬ರಲ್ಲಿ ಆಯೋಗವೊಂದು ನೇಮಿತವಾಯಿತು. ಹದಿನಾರು ಅಂಶಗಳ ಒಪ್ಪಂದವನ್ನು ತಡೆದಿದ್ದ ಗಿರೀಶಚಂದ್ರ ಲಾಲರೇ ಅದಕ್ಕೆ ಅಧ್ಯಕ್ಷರು. ೨೦೧೭ರ ಡಿಸೆಂಬರಿನಲ್ಲಿ ಅವರು ಒಪ್ಪಿಸಿದ ವರದಿಯನ್ನು ಸರಕಾರವು ವರ್ಷಗಳವರೆಗೆ ಪ್ರಕಟಿಸದೆ ಇಟ್ಟುಕೊಂಡಿತು.

ದಂಡವು ಪರೀಕ್ಷೆಯಿಲ್ಲದೆ ಪ್ರಯೋಗಿಸಲ್ಪಟ್ಟರೆ ಪ್ರಯೋಗಿಸಿದವನನ್ನೇ ಕೆಡಿಸುವುದೆಂದು ಮನುವಿನ ಮತವು. ಯಾಜ್ಞವಲ್ಕ್ಯನಾದರೋ ಇನ್ನೂ ಮುಂದೆ ಹೋಗಿ, ಅರಸನು ಅನ್ಯಾಯವಾಗಿ ತೆಗೆದುಕೊಂಡ ದಂಡವನ್ನು ಮೂವತ್ತುಮಡಿಯಾಗಿ ತಾನೇ ತೆರಬೇಕೆಂದು ವಿಧಿಸುತ್ತಾನೆ. ದಂಡಧರನೂ ದಂಡ್ಯನೇ ಎಂಬುದು ಇದರ ತಾತ್ಪರ್ಯವು. ಅರಸನ ಬಳಿಯಲ್ಲಿ ಲೆಕ್ಕವೇ ಇಲ್ಲದಿದ್ದರೆ ಅವನು ತೆರುವುದೇನು? ವರದಿಯ ಪ್ರಕಟನೆಯೆಂಬುದು ಈ ಲೆಕ್ಕವೇ ಆಗಿದೆ. ಅದನ್ನು ತೋರಿಸದ ರಾಜ್ಯವು ತನ್ನ ಭಟರಿಗೂ ಏನನ್ನೂ ಕಲಿಸಲಾರದು. ೨೦೨೫ರ ಸೆಪ್ಟೆಂಬರ್ ೮ರಂದು, ಎಲ್ಲೆಗೆ ಸಂಬಂಧಿಸದ ಬೇರೊಂದು ಕಾರಣದಿಂದ ನೇಪಾಳದ ತರುಣರು ಬೀದಿಗಿಳಿದಾಗ, ಒಂದೇ ದಿನದಲ್ಲಿ ಹತ್ತೊಂಬತ್ತು ಮಂದಿ ಮಡಿದರು; ಮರುದಿನವೇ ಮಂತ್ರಿಮಂಡಲವು ಉರುಳಿತು.

ಇಂತು ಪರಿಶೀಲಿಸಲಾಗಿ, ತರಾಯಿಯ ಅನರ್ಥಕ್ಕೆ ಮೂಲವು ಗುಂಪಿನ ಕ್ರೋಧವೊಂದೇ ಅಲ್ಲ, ಭಟರ ನಿರ್ದಯತೆಯೊಂದೇ ಅಲ್ಲ. ಕ್ರಮಭಂಗವೇ ಮೂಲವೆಂದು ತೋರುತ್ತದೆ. ಸಾಮಂತರು ಇರುವಾಗಲೇ ರಾಜಶಾಸನವನ್ನು ಮುಂದಿಟ್ಟುದು ಮೊದಲನೆಯ ಭಂಗ. ಪ್ರಾಣರಕ್ಷಣೆಗೆಂದಿರುವ ದಂಡವನ್ನು ಗೆರೆಯ ರಕ್ಷಣೆಗೆ ಬಳಸಿದುದು ಎರಡನೆಯದು. ದಂಡದ ವಿಚಾರಣೆಯನ್ನು ಮುಚ್ಚಿಟ್ಟುದು ಮೂರನೆಯದು. ಉಭಯರೂ ಒಡಂಬಟ್ಟು ಹಾಕಿಕೊಂಡ ಸೀಮೆಗೆ ಭಯವರ್ಜಿತೆಯೆಂಬ ಹೆಸರನ್ನು ಪ್ರಾಚೀನರು ಏಕೆ ಇಟ್ಟರೆಂಬುದು ನಮ್ಮ ಪಾಠಶಾಲೆಗಳಲ್ಲಿ ಶಬ್ದಾರ್ಥಮಾತ್ರವಾಗಿ ಹೇಳಲ್ಪಡುತ್ತಿದೆ. ಸೀಮಾವಿವಾದಪ್ರಕರಣವನ್ನು ಬೋಧಿಸುವವರು ಈ ವೃತ್ತಾಂತವನ್ನೂ ಅದರೊಡನೆ ಹೇಳಿದರೆ ಆ ಶಬ್ದದ ಅರ್ಥವು ವಿದ್ಯಾರ್ಥಿಗಳಿಗೆ ಸುಗಮವಾಗುವುದೆಂದು ನಂಬಿದ್ದೇವೆ.