ಗಡಿಯೂರಿನ ಎಂಪಿ3 ಸಿಡಿಗಳ ಕಥೆ

ಬೇಸಿಗೆ ರಜೆಯಲ್ಲಿ ಮನೆಯ ಟ್ರಂಕು ಸ್ವಚ್ಛ ಮಾಡುವಾಗ ನಮಗೊಂದು ಹಳೆಯ ಬಿಸ್ಕತ್ ಡಬ್ಬಿ ಸಿಕ್ಕಿತು. ಒಳಗೆ ಹದಿನೇಳು ಸಿಡಿಗಳು, ಜೊತೆಗೆ ಗೆರೆ ಹಾಕಿದ ಒಂದು ನೂರು ಪುಟದ ನೋಟ್‌ಬುಕ್ಕು. ಸಿಡಿಗಳನ್ನು ಒಂದೊಂದಾಗಿ ಹಾಕಿ ನೋಡಿದೆವು. ಹನ್ನೊಂದು ಹಾಡಿದವು, ಆರು ಸುಮ್ಮನೆ ತಿರುಗಿ ನಿಂತವು. ನೋಟ್‌ಬುಕ್ಕು ಮಾತ್ರ ಮೊದಲಿನ ಹಾಗೆಯೇ ಇತ್ತು! ಈ ಡಬ್ಬಿಯ ಕಥೆಯನ್ನು ಇಂದು ಹೇಳುತ್ತೇವೆ. ನಮ್ಮ ಕಡೆಯ ಮನೆಮನೆಗಳಲ್ಲಿ ಹಾಡು ಹೇಗೆ ಉಳಿಯಿತು, ಹೇಗೆ ಅಳಿಯಿತು ಎಂಬ ಇತಿಹಾಸವೂ ಇದರಲ್ಲೇ ಇದೆ.

ಯಾಲಾಲ್ ಇಂದು ತೆಲಂಗಾಣದ ವಿಕಾರಾಬಾದ್ ಜಿಲ್ಲೆಯ ಮಂಡಲ, ತಾಂಡೂರಿನ ಮಗ್ಗುಲಲ್ಲೇ ಇದೆ. ಆದರೆ ನಿಜಾಮರ ಕಾಲದಿಂದ 1956ರವರೆಗೆ ತಾಂಡೂರು, ಕೊಡಂಗಲ್ ತಾಲೂಕುಗಳು ಗುಲ್ಬರ್ಗಾ ಜಿಲ್ಲೆಯಲ್ಲಿದ್ದವು. ಜಹೀರಾಬಾದ್ ಮತ್ತು ನಾರಾಯಣಖೇಡ ಬೀದರ ಜಿಲ್ಲೆಯಲ್ಲಿದ್ದವು. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆ ಆದಾಗ ಗುಲ್ಬರ್ಗಾ ಜಿಲ್ಲೆ ಮೈಸೂರು ರಾಜ್ಯಕ್ಕೆ ಹೋಯಿತು, ಈ ಎರಡು ತಾಲೂಕುಗಳನ್ನು ಬಿಟ್ಟು! ಅವು ಆಂಧ್ರಪ್ರದೇಶಕ್ಕೆ ಸೇರಿದವು. 2014ರ ಜೂನ್ 2ರಿಂದ ತೆಲಂಗಾಣ. ಕಚೇರಿ ಬದಲಾಯಿತು, ಕಾಗದದ ಭಾಷೆ ಬದಲಾಯಿತು. ಆದರೆ ಸೇಡಂ, ಚಿಂಚೋಳಿ ಕಡೆಯ ನೆಂಟಸ್ತನ ಬದಲಾಗಲಿಲ್ಲ. ಭಜನೆಯ ಪದಗಳೂ ಬದಲಾಗಲಿಲ್ಲ.

ಪದ ಎಂದರೆ ನಮ್ಮ ಕಡೆ ಮುಖ್ಯವಾಗಿ ತತ್ವಪದ. ಕಡಕೋಳ ಮಡಿವಾಳಪ್ಪನವರು, ಅವರ ಶಿಷ್ಯರಾದ ಚೆನ್ನೂರ ಜಲಾಲಸಾಹೇಬರು, ಖೈನೂರ ಕೃಷ್ಣಪ್ಪನವರು ಮೊದಲಾದವರ ಪದಗಳನ್ನು ಏಕತಾರಿ, ದಮ್ಮಡಿ, ತಾಳ ಹಿಡಿದು ರಾತ್ರಿಯಿಡೀ ಹಾಡುವ ರೂಢಿ ಈ ಸೀಮೆಯಲ್ಲಿ ಹಳೆಯದು. ಇದಕ್ಕೆ ಪುಸ್ತಕ ಬೇಕಿಲ್ಲ. ಬಾಯಿಂದ ಬಾಯಿಗೆ ಬಂದದ್ದು. ಬಾಯಿ ನಿಂತರೆ ಪದವೂ ನಿಂತಿತು!

ಈ ಬಾಯಿಮಾತಿಗೆ ಮೊದಲ ಆಸರೆ ಕೊಟ್ಟದ್ದು ಕ್ಯಾಸೆಟ್. ಗ್ರಾಮಫೋನ್ ತಟ್ಟೆಯ ಕಾಲದಲ್ಲಿ ಹಾಡನ್ನು ಮುದ್ರಿಸುವುದು ಕಂಪನಿಗಳ ಕೆಲಸ, ಕೇಳುವುದಷ್ಟೇ ನಮ್ಮದು. ಒಂದು ಬದಿಗೆ ಸುಮಾರು ಮೂರು ನಿಮಿಷ ಹಾಡು, ಅಷ್ಟೇ. 1963ರಲ್ಲಿ ಫಿಲಿಪ್ಸ್ ಕಂಪನಿ ಕ್ಯಾಸೆಟ್ಟನ್ನು ಹೊರತಂದ ಮೇಲೆ ಯಾರು ಬೇಕಾದರೂ ಮನೆಯಲ್ಲೇ ಧ್ವನಿ ಹಿಡಿದಿಡುವಂತಾಯಿತು. ಕನ್ನಡದಲ್ಲಿ 1978ರಲ್ಲಿ ಬಂದ 'ನಿತ್ಯೋತ್ಸವ' ಭಾವಗೀತೆಗಳ ಕ್ಯಾಸೆಟ್ಟುಗಳಿಗೆ ದಾರಿ ಮಾಡಿತು. ನಿಸಾರ್ ಅಹಮದರ ಸಾಹಿತ್ಯ, ಮೈಸೂರು ಅನಂತಸ್ವಾಮಿಯವರ ಸಂಗೀತ. ನಮ್ಮಂಥ ಗಡಿಯಾಚೆಯ ಮೇಷ್ಟ್ರುಗಳು ಕಲಬುರಗಿಗೆ ಹೋದಾಗಲೆಲ್ಲ ಚೀಲದಲ್ಲಿ ಎರಡು ಕ್ಯಾಸೆಟ್ ತರುತ್ತಿದ್ದೆವು. ಮಕ್ಕಳಿಗೆ ಪದ್ಯ ಕಲಿಸಲು ಅದೇ ನಮ್ಮ ಸಾಧನ.

ನಮ್ಮೂರ ಭಜನಾ ಮೇಳದಲ್ಲಿ ಒಬ್ಬ ಹಿರಿಯರಿದ್ದರು. ಊರೆಲ್ಲ ಅವರನ್ನು ಮುತ್ಯಾ ಎಂದೇ ಕರೆಯುತ್ತಿತ್ತು. ಓದು ಬರಹ ಇಲ್ಲ. ಆದರೆ ಪದಗಳು ನೂರಾರು! ತೊಂಬತ್ತರ ದಶಕದಲ್ಲಿ ನಾವು ಟೇಪ್ ರೆಕಾರ್ಡರ್ ಹೊತ್ತುಕೊಂಡು ಹೋಗಿ ಅವರ ಮುಂದೆ ಇಟ್ಟು ಹನ್ನೆರಡು ಕ್ಯಾಸೆಟ್ ತುಂಬಿದೆವು. ಎಲ್ಲವೂ ಅರವತ್ತು ನಿಮಿಷದವು, ಬದಿಗೆ ಮೂವತ್ತು ನಿಮಿಷ. ಗೋಡೆಯ ಗೂಡಿನಲ್ಲಿ ಹಾಸುಗಲ್ಲಿನ ಮೇಲೆ ಜೋಡಿಸಿಟ್ಟೆವು. ಕೆಲವು ಮಳೆಗಾಲ ಕಳೆಯುವಷ್ಟರಲ್ಲಿ ಟೇಪಿಗೆ ಬೂಷ್ಟು ಬಂತು, ಎರಡನ್ನು ಯಂತ್ರವೇ ಸುತ್ತಿ ಹಾಳುಮಾಡಿತು. ಇನ್ನೇನು ಮಾಡುವುದು ಎಂದು ಚಿಂತೆಯಾಗಿದ್ದಾಗ ಬಂದದ್ದೇ ಎಂಪಿ3.

ಎಂಪಿ3 ಹುಟ್ಟಿದ್ದು ಜರ್ಮನಿಯಲ್ಲಿ. ಎರ್ಲಾಂಗೆನ್ ನಗರದ ಫ್ರೌನ್‌ಹೋಫರ್ ಸಂಸ್ಥೆಯಲ್ಲಿ ಕಾರ್ಲ್‌ಹೈನ್ಜ್ ಬ್ರಾಂಡನ್‌ಬುರ್ಗ್ ಮತ್ತು ಅವರ ಸಂಗಡಿಗರು ಇದರ ಮೇಲೆ ವರ್ಷಗಟ್ಟಲೆ ದುಡಿದರು. ಫೈಲಿನ ಹೆಸರಿನ ಕೊನೆಗೆ ಎಂಪಿ3 ಎಂದು ಬರೆಯಬೇಕೆಂದು ಅವರು ತೀರ್ಮಾನಿಸಿದ್ದು 1995ರ ಜುಲೈ 14ರಂದು. ಇದರ ಗುಟ್ಟು ನಮ್ಮ ಕಿವಿಯಲ್ಲೇ ಇದೆ. ಡೊಳ್ಳು ಜೋರಾಗಿ ಬಡಿಯುವಾಗ ಪಕ್ಕದವರ ಪಿಸುಮಾತು ಕೇಳಿಸುತ್ತದೆಯೇ? ಇಲ್ಲ. ಹಾಗೆ ದೊಡ್ಡ ಸದ್ದಿನ ಮರೆಯಲ್ಲಿ ಅಡಗುವ ಸಣ್ಣ ಸದ್ದುಗಳನ್ನು ಲೆಕ್ಕಹಾಕಿ ಬಿಟ್ಟುಬಿಡುವುದೇ ಈ ವಿದ್ಯೆ.

ಲೆಕ್ಕ ನೋಡಿ. 1982ರಲ್ಲಿ ಮಾರುಕಟ್ಟೆಗೆ ಬಂದ ಆಡಿಯೋ ಸಿಡಿಯಲ್ಲಿ ಒಂದು ಸೆಕೆಂಡಿಗೆ 44,100 ಸಲ ಧ್ವನಿಯ ಅಳತೆ ತೆಗೆಯುತ್ತಾರೆ. ಪ್ರತಿ ಅಳತೆಗೆ 16 ಬಿಟ್, ಎಡ ಬಲ ಎಂದು ಎರಡು ಧ್ವನಿ. ಗುಣಿಸಿದರೆ ಸೆಕೆಂಡಿಗೆ 14,11,200 ಬಿಟ್, ಅಂದರೆ ನಿಮಿಷಕ್ಕೆ ಸುಮಾರು 10 ಎಂಬಿ. ಎಂಪಿ3ಯಲ್ಲಿ ಸೆಕೆಂಡಿಗೆ 1,28,000 ಬಿಟ್ ಸಾಕೆಂದುಕೊಂಡರೆ ನಿಮಿಷಕ್ಕೆ 1 ಎಂಬಿಗೂ ಕಡಿಮೆ. ಹನ್ನೊಂದರಲ್ಲಿ ಒಂದು ಪಾಲು! ಎಂಭತ್ತು ನಿಮಿಷದ ಹಾಡು ಹಿಡಿಯುವ 700 ಎಂಬಿ ಸಿಡಿಯಲ್ಲಿ ಹನ್ನೆರಡು ಗಂಟೆಯ ಹಾಡು. ಮುತ್ಯಾನ ಹನ್ನೆರಡೂ ಕ್ಯಾಸೆಟ್ ಒಂದೇ ತಟ್ಟೆಯಲ್ಲಿ!

ಇದನ್ನು ಹೇಳಿದಾಗ ಮುತ್ಯಾ ಸಿಡಿಯನ್ನು ತಿರುಗಿಸಿ ಮುಖ ನೋಡಿಕೊಂಡು, "ಗುರುಗಳೇ, ನನ್ನ ಇಡೀ ಆಯುಷ್ಯ ಈ ಕನ್ನಡಿಯೊಳಗ ಹಿಡಿತೈತೇನ್ರೀ?" ಎಂದರು. "ಹಿಡಿತೈತಿ ಮುತ್ಯಾ, ಇನ್ನೂ ಜಾಗ ಉಳಿತೈತಿ" ಎಂದೆವು. ಆಗ ನಮಗೆ ಎಷ್ಟು ಜಂಬ!

ಹಳ್ಳಿಯಲ್ಲಿ ಕಂಪ್ಯೂಟರ್ ಇದ್ದವರು ಕಡಿಮೆ. ಆದರೆ ವಿಸಿಡಿ, ಡಿವಿಡಿ ಪ್ಲೇಯರುಗಳು 2000ದ ನಂತರ ಬಹಳ ಮನೆಗೆ ಬಂದವು. ವಿಸಿಡಿಯ ಚಿತ್ರ, ಧ್ವನಿ ಎರಡೂ ಎಂಪೆಗ್-1 ಎಂಬ ಪದ್ಧತಿಯವು. ಎಂಪಿ3 ಅದೇ ಮನೆತನದ ಕೂಸು. ಹಾಗಾಗಿ ಅಗ್ಗದ ಪ್ಲೇಯರುಗಳೂ ಎಂಪಿ3 ಓದತೊಡಗಿದವು. ಟಿವಿಗೆ ವೈರು ಚುಚ್ಚಿದರೆ ಮುಗಿಯಿತು, ಮನೆಯೇ ಭಜನೆಯ ಗುಡಿ.

ಸಿಡಿ ತಯಾರಿಸುವ ಕೆಲಸ ನಾವು ಎಡವಿ ಎಡವಿ ಕಲಿತದ್ದು. ಟೇಪ್ ರೆಕಾರ್ಡರಿನ ಇಯರ್‌ಫೋನ್ ತೂತಿನಿಂದ ಕಂಪ್ಯೂಟರಿನ ಹಿಂದಿನ ನೀಲಿ ತೂತಿಗೆ ವೈರು ಹಾಕಬೇಕು. ಕ್ಯಾಸೆಟ್ ಪೂರ್ತಿ ಓಡುವವರೆಗೆ ಕಾಯಬೇಕು, ಅವಸರ ನಡೆಯದು. ಸದ್ದು ಹೆಚ್ಚಾದರೆ ದನಿ ಒಡೆಯುತ್ತದೆ, ಕಡಿಮೆಯಾದರೆ ಟೇಪಿನ ಸುಂಯ್ ಸದ್ದೇ ಮುಂದೆ. ಆಮೇಲೆ ಎಂಪಿ3 ಮಾಡುವುದು. ಜಾಗ ಉಳಿಸಲು ಮೊದಲ ಸಲ 64,000 ಬಿಟ್ ಇಟ್ಟಿದ್ದೆವು. ಮಾತು ಚೆನ್ನಾಗಿಯೇ ಕೇಳಿತು, ಆದರೆ ತಾಳದ ಝಣ್ ಎಂಬ ನಾದ ನೀರಿನಲ್ಲಿ ಅದ್ದಿದಂತಾಯಿತು! ತಟ್ಟನೆ ಹುಟ್ಟುವ ಚೂಪಾದ ಸದ್ದನ್ನು ಕಡಿಮೆ ಬಿಟ್ಟಿನಲ್ಲಿ ಹಿಡಿಯುವುದು ಎಂಪಿ3ಗೆ ಕಷ್ಟ. ಎಲ್ಲವನ್ನೂ ಮತ್ತೆ 128ರಲ್ಲಿ ಮಾಡಿದೆವು.

ಸುಡುವಾಗ ಆಡಿಯೋ ಸಿಡಿ ಎಂದು ಒತ್ತಿದರೆ ಎಂಭತ್ತು ನಿಮಿಷಕ್ಕೇ ತುಂಬುತ್ತದೆ. ಡೇಟಾ ಸಿಡಿ ಎಂದೇ ಒತ್ತಬೇಕು. ಕೊನೆಯಲ್ಲಿ ಸಿಡಿಯನ್ನು ಮುಚ್ಚದೆ ಬಿಟ್ಟರೆ ಕಂಪ್ಯೂಟರಿನಲ್ಲಿ ಓದುವ ತಟ್ಟೆ ಎಷ್ಟೋ ಪ್ಲೇಯರಿನಲ್ಲಿ ಓದುವುದಿಲ್ಲ. ಅಳಿಸಿ ಬರೆಯುವ ಸಿಡಿಯ ಹೊಳಪು ಕಡಿಮೆಯಾದ್ದರಿಂದ ಹಳೆಯ ಪ್ಲೇಯರುಗಳು ಅದನ್ನೂ ಗುರುತಿಸುತ್ತಿರಲಿಲ್ಲ. ಇನ್ನು ಕರೆಂಟು! ಸುಡುವಾಗ ಹೋಯಿತೆಂದರೆ ತಟ್ಟೆ ವ್ಯರ್ಥ. ನಮ್ಮ ಶಾಲೆಯ ಮಕ್ಕಳು ಅಂಥ ತಟ್ಟೆಗಳಿಂದ ಸೌರಮಂಡಲ ಮಾಡಿದ್ದರು, ಅದು ಬೇರೆ ಮಾತು.

ಇಷ್ಟೆಲ್ಲ ಆದ ಮೇಲೆ ನಿಜವಾದ ತೊಡಕು ಎದುರಾಯಿತು: ಹಾಡಿನ ಹೆಸರು. ನೂರಾರು ಪದಗಳಿವೆ, ಟಿವಿ ಪರದೆಯ ಮೇಲೆ ಪಟ್ಟಿ ಬರುತ್ತದೆ, ಕನ್ನಡ ಮಾತ್ರ ಬರುವುದಿಲ್ಲ. ಯೂನಿಕೋಡ್ ಎಂಬ ಜಾಗತಿಕ ಲಿಪಿಪಟ್ಟಿಯಲ್ಲಿ ಕನ್ನಡ 1991ರಿಂದಲೇ ಇದೆ. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ತುಂಗಾ ಎಂಬ ಕನ್ನಡ ಅಕ್ಷರವೂ ಬಂತು. ಅಲ್ಲಿ ಕನ್ನಡದಲ್ಲಿ ಹೆಸರಿಟ್ಟು ಸುಟ್ಟೆವು. ನಮ್ಮ ಪ್ಲೇಯರು ಅದನ್ನು ಅಡ್ಡಗೆರೆಗಳ ಸಾಲು ಮಾಡಿ ತೋರಿಸಿತು! ಅಗ್ಗದ ಪ್ಲೇಯರಿನೊಳಗೆ ಇದ್ದದ್ದು ಇಂಗ್ಲಿಷ್ ಅಕ್ಷರಗಳು ಮಾತ್ರ, ಕೆಲವಕ್ಕೆ ಎಂಟು ಅಕ್ಷರ ದಾಟಿದ ಹೆಸರೂ ಆಗುತ್ತಿರಲಿಲ್ಲ.

ಸರಿ, ಇಂಗ್ಲಿಷ್ ಅಕ್ಷರದಲ್ಲೇ ಬರೆದೆವು. ಆಗ ಮಳೆ, ಮಲೆ, ಮಾಲೆ ಮೂರಕ್ಕೂ ಅವೇ ನಾಲ್ಕು ಅಕ್ಷರ. ಕಲಿ ಯಾವುದು, ಕಾಳಿ ಯಾವುದು? ಹೀಗೆ ಮಕ್ಕಳಿಗೆ ಕನ್ನಡ ಕಲಿಸುವುದುಂಟೆ? ಕೊನೆಗೆ ಫೈಲಿಗೆ 001, 002 ಎಂದು ಅಂಕಿ ಮಾತ್ರ ಕೊಟ್ಟು, ನೋಟ್‌ಬುಕ್ಕಿನಲ್ಲಿ ಕನ್ನಡದಲ್ಲಿ ಪಟ್ಟಿ ಬರೆಯತೊಡಗಿದೆವು. ಅಂಕಿ, ಪದದ ಮೊದಲ ಸಾಲು, ಬರೆದವರ ಅಂಕಿತ, ಹಾಡಿದವರು, ತಾಳ ಹಿಡಿದವರು. ಏಳನೆಯ ತರಗತಿಯ ಮಕ್ಕಳು ಕೇಳಿ ಕೇಳಿ ಬರೆದರು. ತಿಳಿಯದ ಕಡೆ ಮುತ್ಯಾನನ್ನೇ ಕೇಳಿ ಬರುತ್ತಿದ್ದರು. ಮನೆಯಲ್ಲಿ ಕನ್ನಡ ಆಡುವ, ಅಂಗಡಿಯಲ್ಲಿ ತೆಲುಗು ಓದುವ ಮಕ್ಕಳಿಗೆ ಅದಕ್ಕಿಂತ ಒಳ್ಳೆಯ ಕಾಪಿ ಬರಹ ಇರಲಿಲ್ಲ ಎಂದು ಈಗಲೂ ನಂಬುತ್ತೇವೆ.

ಆ ದಿನಗಳಲ್ಲಿ ಸಂತೆಯಲ್ಲೂ ಎಂಪಿ3 ಸಿಡಿ ಸಿಗುತ್ತಿತ್ತು, ಒಂದರಲ್ಲೇ ನೂರೈವತ್ತು ಸಿನಿಮಾ ಹಾಡು. ಎಷ್ಟೋ ಕದ್ದು ಮಾಡಿದ ಪ್ರತಿಗಳು. ಹಾಡಿದವರಿಗೆ, ಬರೆದವರಿಗೆ ಕಾಸು ಮುಟ್ಟುತ್ತಿರಲಿಲ್ಲ. ಅಗ್ಗವೆಂದು ನಾವೂ ಕೊಂಡವರೇ, ಸುಳ್ಳೇಕೆ? ಆದರೆ ಮುತ್ಯಾನ ಸಿಡಿಯನ್ನು ಅವರನ್ನು ಕೇಳಿಯೇ ಹತ್ತು ಮನೆಗೆ ಕೊಟ್ಟೆವು. "ಕೊಡ್ರೀ, ಪದ ಗಂಟ ಕಟ್ಟಿ ಇಡಾಂಗಿಲ್ಲ" ಎಂದಿದ್ದರು.

ಮುತ್ಯಾ ತೀರಿಕೊಂಡರು. ಕೆಲವು ವರ್ಷಗಳಲ್ಲಿ ಮೊಬೈಲಿನ ಸಣ್ಣ ಮೆಮೊರಿ ಕಾರ್ಡು ಬಂದು ಸಿಡಿ ಮೂಲೆ ಸೇರಿತು. ನಮ್ಮ ಕಂಪ್ಯೂಟರಿನ ಹಾರ್ಡ್‌ಡಿಸ್ಕ್ ಕೆಟ್ಟಿತು. 2017ರ ಏಪ್ರಿಲ್‌ನಲ್ಲಿ ಎಂಪಿ3ಯ ಪರವಾನಗಿ ವ್ಯವಹಾರವನ್ನೂ ಅದನ್ನು ಹುಟ್ಟುಹಾಕಿದವರೇ ನಿಲ್ಲಿಸಿದರು. ಹಕ್ಕಿನ ಅವಧಿ ಮುಗಿದಿತ್ತು. ಈಗ ಎಂಪಿ3 ಎಲ್ಲರ ಸೊತ್ತು.

ಈ ರಜೆಯಲ್ಲಿ ಓದದೆ ನಿಂತ ಆರು ಸಿಡಿಗಳಲ್ಲಿ ಮುತ್ಯಾನದೂ ಒಂದು. ಮನೆಯಲ್ಲಿ ಸುಟ್ಟ ಸಿಡಿಯಲ್ಲಿ ಮಾಹಿತಿ ಇರುವುದು ಒಂದು ಬಣ್ಣದ ಲೇಪದಲ್ಲಿ. ಬಿಸಿಲು, ಸೆಕೆ ಅದಕ್ಕೆ ಆಗದು. ಮೇಲೆ ಬಾಲ್‌ಪೆನ್ನಿನಿಂದ ಒತ್ತಿ ಬರೆದರೂ ಹಾಳು. ನಾವು ಎರಡೂ ತಪ್ಪು ಮಾಡಿದ್ದೆವು. ಎದೆ ಧಸಕ್ಕೆಂದಿತು. ಅಂದು ಸಿಡಿ ಕೊಟ್ಟ ಹತ್ತು ಮನೆಗಳನ್ನು ನೆನೆನೆನೆದು ಹುಡುಕಿದೆವು. ಬಶೀರಾಬಾದ್ ಕಡೆಗೆ ಮದುವೆಯಾಗಿ ಹೋದ ಹಳೆಯ ವಿದ್ಯಾರ್ಥಿನಿಯ ಮನೆಯಲ್ಲಿ ಒಂದು ಪ್ರತಿ, ಸೀರೆಗಳ ನಡುವೆ ಕತ್ತಲೆಯಲ್ಲಿ, ಗೀರಿಲ್ಲದೆ ಇತ್ತು! "ಸರ್, ಮುತ್ಯಾನ ದನಿ ಅಲ್ರೀ, ಹೆಂಗ ಒಗೀಲಿ?" ಎಂದಳು.

ಅಂಕಿ ಹಿಡಿದು ನೋಟ್‌ಬುಕ್ಕಿನೊಂದಿಗೆ ಹೊಂದಿಸಿದೆವು. ಎಲ್ಲ ಕೂಡಿತು, ಎರಡು ಪದ ಬಿಟ್ಟು. ಆ ಎರಡನ್ನು ಪಟ್ಟಿಗೆ ಬರೆಯುವುದು ಉಳಿದುಹೋಗಿತ್ತು. ತತ್ವಪದ ಯಾರದೆಂದು ತಿಳಿಯುವುದು ಕೊನೆಯ ನುಡಿಯ ಅಂಕಿತದಿಂದ. ಎರಡೂ ಪದಗಳು ಕ್ಯಾಸೆಟ್ಟಿನ ಬದಿ ಮುಗಿಯುವಲ್ಲಿದ್ದವು, ಕೊನೆಯ ನುಡಿಗೆ ಮೊದಲೇ ಟೇಪು ಮುಗಿದಿತ್ತು. ಅಂದು ಒಂದು ಸಾಲು ಕೇಳಿ ಬರೆದುಕೊಂಡಿದ್ದರೆ ಸಾಕಿತ್ತು. ಮುತ್ಯಾ ಎದುರಿಗೇ ಇದ್ದರು. ಈಗ ಆ ಪದಗಳು ಯಾರದೆಂದು ಕೇಳಲು ಯಾರೂ ಇಲ್ಲ.

ಓದುಗರೇ, ನಿಮ್ಮ ಮನೆಯಲ್ಲೂ ಇಂಥ ಡಬ್ಬಿ ಇದ್ದೀತು. ಅಜ್ಜಿಯ ಸೋಬಾನೆ, ತಂದೆಯವರ ನಾಟಕದ ಮಾತು, ಶಾಲೆಯ ವಾರ್ಷಿಕೋತ್ಸವ. ಸಿಡಿ ಓದುವ ಯಂತ್ರ ಎಲ್ಲಾದರೂ ಸಿಗುವಾಗಲೇ ಅವನ್ನು ತೆಗೆದು ಎರಡು ಕಡೆ ಪ್ರತಿ ಮಾಡಿಡಿ. ಮರೆಯದೆ ಒಂದು ಹಾಳೆಯಲ್ಲಿ ಕನ್ನಡದಲ್ಲಿ ಹೆಸರು ಬರೆದಿಡಿ. ಹಾಡಿದವರು ಇದ್ದರೆ ಇಂದೇ ಹೋಗಿ ಕೇಳಿ. ನಾವು ಆ ಎರಡು ಪದಗಳನ್ನು ಫೋನಿಗೆ ಹಾಕಿಕೊಂಡು ಸೇಡಂ ಕಡೆಯ ಭಜನಾ ಮೇಳಗಳಿಗೆ ಕೇಳಿಸಲು ಹೊರಟಿದ್ದೇವೆ. ಕೊನೆಯ ನುಡಿ ಯಾರ ಬಾಯಲ್ಲಾದರೂ ಉಳಿದಿದ್ದರೆ ನೋಟ್‌ಬುಕ್ಕಿನಲ್ಲಿ ಜಾಗ ಇನ್ನೂ ಇದೆ.