ಗಾಳದ ಕೋಲೂ ಕದಿರಿನ ರೀಲೂ

ಕಲ್ಯಾಣದ ಚಾಲುಕ್ಯ ಚಕ್ರವರ್ತಿಯಾದ ಮೂರನೆಯ ಸೋಮೇಶ್ವರನು (1127–1138) ಸಂಸ್ಕೃತದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಮತ್ಸ್ಯವಿನೋದವೆಂಬ ಅಧ್ಯಾಯವೊಂದುಂಟು. ಗಾಳ ಹಾಕುವುದನ್ನು ಆತನು ರಾಜೋಚಿತವಾದ ವಿನೋದಗಳಲ್ಲಿ ಎಣಿಸಿ, ಮೀನುಗಳ ಜಾತಿಭೇದವನ್ನೂ ಅವುಗಳಿಗೊಡ್ಡುವ ಆಹಾರವನ್ನೂ ಶಾಸ್ತ್ರಕ್ರಮದಿಂದ ವಿವರಿಸಿರುವನು. ಹಾಸನದ ಸೀಮೆಯು ಆಗ, ಚಾಲುಕ್ಯರ ಸಾಮಂತನೆಂದು ಹೆಸರಿಗೆ ಮಾತ್ರ ಉಳಿದಿದ್ದ ಹೊಯ್ಸಳ ವಿಷ್ಣುವರ್ಧನನ ಆಳಿಕೆಯಲ್ಲಿದ್ದಿತು. ಮೀನನ್ನು ಅರಿಯದವನಿಗೆ ಗಾಳವು ನಿಷ್ಪ್ರಯೋಜಕವೆಂಬುದು ಆ ಅಧ್ಯಾಯದಿಂದ ತಾನಾಗಿಯೇ ಹೊರಡುವ ಅರ್ಥ.

ಅರಸನ ವಿನೋದವು ಹೀಗಿರಲು, ಹಳ್ಳಿಗರ ಸಾಧನವು ಬಿದಿರಿನ ಗಳು, ದಾರ, ಬೆಂಡು, ಗಾಳ ಇಷ್ಟೇ. ದಾರವೆಷ್ಟುದ್ದವೋ ಎಟುಕುವುದೂ ಅಷ್ಟೇ. ದಾರವನ್ನು ಸುತ್ತಿಡುವ ರೀಲು ಈ ನಾಡಿಗೆ ಬಂದುದು ಆಂಗ್ಲರೊಡನೆ. ಮದರಾಸಿನ ಸಿವಿಲ್ ಅಧಿಕಾರಿಯಾಗಿದ್ದ ಎಚ್. ಎಸ್. ಥಾಮಸನು ಗಾಳದ ಬೇಟೆಯನ್ನು ಕುರಿತು ಬರೆದ ಇಂಗ್ಲಿಷ್ ಗ್ರಂಥವು 1873ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಆ ಕಾಲದ ರೀಲಿನಲ್ಲಿ ಸುರುಳಿಯೇ ತಿರುಗಬೇಕು. ಹಗುರವಾದ ಎರೆ ಅದನ್ನು ತಿರುಗಿಸಲಾರದು, ಕೈ ಪಳಗದವನಿಗೆ ದಾರವು ಗೋಜಲಾಗುವುದು. ಬೆಲೆಯಂತೂ ದೊರೆಗಳಿಗೆ ತಕ್ಕದ್ದು. ಮೈಸೂರಿನ ವಾನ್ ಇಂಗೆನ್ ಮನೆತನದವರೊಬ್ಬರು 1946ರಲ್ಲಿ ಕಪಿಲೆಯಲ್ಲಿ ಹಿಡಿದ ಮಹಸೀರ್ 120 ಪೌಂಡು ತೂಗಿತು. ಕಾವೇರಿಯ ತೀರದವರು ಬಿಳಿಮೀನು ಎನ್ನುವುದು ಇದನ್ನೇ.

ಸಾಮಾನ್ಯ ಸಂಸಾರಿಯ ಕೈಗೆ ರೀಲು ನಿಲುಕುವಂತಾದುದು ಒಂದು ನೂಲಿನ ಗಿರಣಿಯ ದೆಸೆಯಿಂದ ಎಂದರೆ ವಾಚಕರಿಗೆ ವಿಸ್ಮಯವಾದೀತು. ಇಂಗ್ಲೆಂಡಿನ ಬ್ರಾಡ್‌ಫರ್ಡ್ ಪ್ರಾಂತದ ಉಣ್ಣೆಯ ಉದ್ಯಮಿ ಇಲ್ಲಿಂಗ್‌ವರ್ತನು, ನಿಶ್ಚಲವಾದ ಕದಿರಿನ ತುದಿಯಿಂದ ನೂಲು ಜಾರುವ ಬಗೆಯನ್ನು ಗಾಳಕ್ಕೆ ಅನ್ವಯಿಸಿ 1905ರಲ್ಲಿ ಪೇಟೆಂಟು ಪಡೆದನು. ಸುರುಳಿಯು ತಿರುಗದು, ದಾರವೊಂದೇ ಸಡಿಲಿ ಹಾರುವುದು. ಎರಡನೆಯ ಮಹಾಯುದ್ಧದ ತರುವಾಯ ನೈಲಾನ್ ದಾರವೂ ಗಾಜುನಾರಿನ ಕೋಲೂ ಕೂಡಿಕೊಳ್ಳಲು, ಈ ಸ್ಪಿನ್ನಿಂಗ್ ರೀಲು ಲೋಕದಲ್ಲೆಲ್ಲ ಅಗ್ಗವಾಗಿ ಹರಡಿತು.

ಆದರೆ ಸಾಧನವು ಸುಲಭವಾಗುವಷ್ಟರಲ್ಲಿ ಆ ಮಹಾಮತ್ಸ್ಯವು ದುರ್ಲಭವಾಯಿತು. ಅಣೆಕಟ್ಟುಗಳೂ ಮಡುಗಳಲ್ಲಿ ಸಿಡಿಸಿದ ಮದ್ದೂ ಅದರ ಕುಲವನ್ನು ಕರಗಿಸಿದುವು. 2018ರಲ್ಲಿ ಕಾವೇರಿಯ ಡುಬ್ಬದ ಮಹಸೀರು ಅಳಿವಿನ ಅಂಚಿನ ಜೀವಿಗಳ ಪಟ್ಟಿಗೆ ಸೇರಿತು. ಅರಕಲಗೂಡು ತಾಲ್ಲೂಕಿನ ರಾಮನಾಥಪುರದಲ್ಲಿ ಕಾವೇರಿಯ ಮೀನುಗಳಿಗೆ ದೇವಾಲಯದ ರಕ್ಷೆಯಿದ್ದು, ಯಾತ್ರಿಕರು ಪುರಿ ಚೆಲ್ಲುವರೇ ಹೊರತು ಗಾಳ ಹಾಕರು. ಶಾಸನಕ್ಕಿಂತ ಸಂಪ್ರದಾಯವೇ ಅಲ್ಲಿ ಬಲವಾದ ಬೇಲಿ.

ಆದಕಾರಣ ಹೇಮಾವತಿಯ ದಡದ ಹೊಳೆನರಸೀಪುರದವನಾಗಲಿ, ಕೆರೆಗಳನ್ನೇ ನಂಬಿದ ಚನ್ನರಾಯಪಟ್ಟಣದವನಾಗಲಿ ಬಿಳಿಮೀನಿಗೆಂದು ಮಾಡಿದ ಭಾರಿಯ ಕೋಲಿಗೆ ಹಣ ಚೆಲ್ಲುವುದು ವ್ಯರ್ಥ. ಕೆರೆಯ ಸಾಧಾರಣ ಮೀನಿಗೆ ಆರೇಳಡಿಯ ಗಾಜುನಾರಿನ ಕೋಲು, ಅದರ ಶಕ್ತಿಗೊಪ್ಪುವ ದಾರ ಹಿಡಿಯುವ ಸಣ್ಣ ರೀಲು ಸಾಕು. ರೀಲಿನ ಹೊಳಪಿಗಿಂತ, ಮೀನು ಜಗ್ಗಿದಾಗ ದಾರವನ್ನು ತಡೆತಡೆದು ಬಿಡುವ ಬಿಗಿತಿರುಪು ನುಣುಪಾಗಿರುವುದೇ ಎಂಬುದನ್ನು ಅಂಗಡಿಯಲ್ಲಿಯೇ ಎಳೆದು ನೋಡತಕ್ಕದ್ದು. ಕೆರೆಗಳ ಮೀನಿನ ಹಕ್ಕು ಅನೇಕ ಕಡೆ ಗುತ್ತಿಗೆಯಲ್ಲಿರುವುದರಿಂದ, ನೀರಿಗಿಳಿಯುವ ಮುನ್ನ ಗುತ್ತಿಗೆದಾರನ ಅನುಮತಿಯನ್ನೂ ಪಡೆಯಬೇಕಾಗುವುದು.