ವಿಶ್ವಕಾವ್ಯದಲ್ಲಿ 2006: ಸಕಲೇಶಪುರದ ಬೆಟ್ಟಗಳಿಂದ ಒಂದು ನೋಟ

ಕಾವ್ಯದ ಒಂದು ವರ್ಷವನ್ನು ದಾಖಲಿಸುವ ಪದ್ಧತಿ ಜಗತ್ತಿನೆಲ್ಲೆಡೆ ಸುಮಾರಾಗಿ ಒಂದೇ ಬಗೆಯದು. ಆ ವರ್ಷ ಪ್ರಕಟವಾದ ಸಂಕಲನಗಳು, ಪ್ರಶಸ್ತಿ ಪಡೆದ ಕವಿಗಳು, ಅಗಲಿದ ಹಿರಿಯರು ಎಂಬ ಮೂರು ಪಟ್ಟಿಗಳಲ್ಲಿ ವರ್ಷ ಮುಗಿಯುತ್ತದೆ. ಅಚ್ಚಾದ ಪುಸ್ತಕವೇ ಕಾವ್ಯದ ಮುಖ್ಯ ನೆಲೆಯಾಗಿರುವ ಭಾಷೆಗಳಿಗೆ ಈ ಲೆಕ್ಕ ಒಪ್ಪುತ್ತದೆ. ಹಾಡಿನ ಮೂಲಕವೇ ಹೆಚ್ಚು ಜನರನ್ನು ತಲುಪುವ ಕನ್ನಡದಂತಹ ಭಾಷೆಯಲ್ಲಿ ಮಾತ್ರ ಈ ಪಟ್ಟಿಯ ಹೊರಗುಳಿಯುವುದೇ ಅಧಿಕ. 2006ನೇ ಇಸವಿ ಇದಕ್ಕೆ ಉತ್ತಮ ನಿದರ್ಶನ. ಆ ವರ್ಷ ಸಕಲೇಶಪುರದಲ್ಲಿ ಹುಟ್ಟಿದ ಹಾಡುಗಾರರೊಬ್ಬರು ತೀರಿಕೊಂಡರು. ಅದೇ ವರ್ಷದ ಕೊನೆಯಲ್ಲಿ, ಅದೇ ಸಕಲೇಶಪುರದ ಮಳೆಯಲ್ಲಿ ಚಿತ್ರೀಕರಣಗೊಂಡ ಸಿನಿಮಾವೊಂದರ ಮೂಲಕ ಕನ್ನಡದ ಗಣ್ಯ ಕವಿಯೊಬ್ಬರ ಸಾಲುಗಳು ಮನೆಮನೆಯನ್ನು ಸೇರಿದವು.

ಅಗಲಿದವರು

ಆ ವರ್ಷ ಕಾವ್ಯಲೋಕ ಕಳೆದುಕೊಂಡವರ ಪಟ್ಟಿ ದೊಡ್ಡದು. ಅರಬ್ಬಿ ಗದ್ಯಕವಿತೆಯ ಪ್ರವರ್ತಕರಲ್ಲಿ ಒಬ್ಬರಾದ ಸಿರಿಯಾದ ಮುಹಮ್ಮದ್ ಅಲ್ ಮಾಘೂತ್ ಏಪ್ರಿಲ್ 3ರಂದು ನಿಧನರಾದರು. 95ನೇ ವಯಸ್ಸಿನಲ್ಲಿ, 2000ದಲ್ಲಿ ಅಮೆರಿಕದ ರಾಷ್ಟ್ರಕವಿಯ ಸ್ಥಾನಕ್ಕೆ ನೇಮಕಗೊಂಡಿದ್ದ ಸ್ಟ್ಯಾನ್ಲಿ ಕ್ಯುನಿಟ್ಜ್ ಮೇ 14ರಂದು ನೂರರ ವಯಸ್ಸಿನಲ್ಲಿ ತೀರಿಕೊಂಡರು. ಉರ್ದು ಕವಿ, ಕತೆಗಾರ ಹಾಗೂ ‘ಫುನೂನ್’ ಪತ್ರಿಕೆಯ ಸಂಪಾದಕ ಅಹಮದ್ ನದೀಮ್ ಖಾಸ್ಮಿ ಜುಲೈ 10ರಂದು ಲಾಹೋರಿನಲ್ಲಿಯೂ, 1971ರ ವಿಮೋಚನಾ ಹೋರಾಟಕ್ಕೆ ಕಾವ್ಯದ ದನಿ ನೀಡಿದ ಬಾಂಗ್ಲಾದೇಶದ ಷಂಸುರ್ ರಹಮಾನ್ ಆಗಸ್ಟ್ 17ರಂದು ಢಾಕಾದಲ್ಲಿಯೂ ಕೊನೆಯುಸಿರೆಳೆದರು.

ಇವರೆಲ್ಲರೂ ಯಾವುದೇ ವಾರ್ಷಿಕ ಪಟ್ಟಿಯಲ್ಲಿ ಸಿಗುವ ಹೆಸರುಗಳು. ಜುಲೈ ತಿಂಗಳ ಕೊನೆಯ ವಾರದಲ್ಲಿ ತೀರಿಕೊಂಡ ಇನ್ನಿಬ್ಬರ ವಿಷಯ ಬೇರೆ. ಅವರಲ್ಲಿ ಒಬ್ಬರು ಎಸ್.ಕೆ. ಕರೀಂ ಖಾನ್. ಇನ್ನೊಬ್ಬರು ಜಮೈಕಾದ ಲೂಯಿಸ್ ಬೆನೆಟ್.

ಜಾನಪದ ಜಂಗಮ

ಹೇಮಾವತಿ ನದಿಯ ದಂಡೆಯಲ್ಲಿ, ಶಿರಾಡಿ ಘಾಟಿಯ ನೆತ್ತಿಗೆ ಹೊಂದಿಕೊಂಡಂತಿರುವ ಸಕಲೇಶಪುರ ಹೊರಗಿನವರಿಗೆ ಕಾಫಿ, ಏಲಕ್ಕಿ ಮತ್ತು ಮಂಜರಾಬಾದ್ ಕೋಟೆಯ ಊರು. ಕನ್ನಡ ಜಾನಪದದ ವಿದ್ಯಾರ್ಥಿಗಳಿಗೆ ಅದು ಕರೀಂ ಖಾನರ ಊರು. ಸ್ವಾತಂತ್ರ್ಯ ಹೋರಾಟದಲ್ಲಿ ಪಾಲ್ಗೊಂಡಿದ್ದ ಅವರು ನಂತರದ ತಮ್ಮ ಆಯುಷ್ಯವನ್ನು ಬಹುಮಟ್ಟಿಗೆ ಜನಪದ ಗೀತೆಗಳ ಸಂಗ್ರಹ ಮತ್ತು ಗಾಯನಕ್ಕೆ ಮೀಸಲಿಟ್ಟರು. ಹಳ್ಳಿಯಿಂದ ಹಳ್ಳಿಗೆ ಹೋಗುವುದು, ಅಲ್ಲಿ ಹಾಡುವವರ ಬಳಿ ಕೂರುವುದು, ಕೇಳಿದ್ದನ್ನು ಕಲಿತು ಇನ್ನೊಂದು ಊರಿನ ಸಭೆಯಲ್ಲಿ ಹಾಡಿ ತೋರಿಸುವುದು ಅವರ ಕ್ರಮವಾಗಿತ್ತು. ‘ಜಾನಪದ ಜಂಗಮ’ ಎಂಬ ಬಿರುದು ಅವರಿಗೆ ಅಂಟಿಕೊಂಡದ್ದು ಈ ಕಾರಣದಿಂದಲೇ. ಒಂದು ಕಡೆ ನಿಲ್ಲದವನು ಎಂಬುದು ಜಂಗಮ ಶಬ್ದದ ಮೂಲಾರ್ಥ. ಬಿರುದುಗಳು ಸಾಮಾನ್ಯವಾಗಿ ಉತ್ಪ್ರೇಕ್ಷೆಯಿಂದ ಕೂಡಿರುತ್ತವೆ, ಇದೊಂದು ಹಾಗಿರಲಿಲ್ಲ.

ಕರೀಂ ಖಾನ್ ಚಲನಚಿತ್ರ ಗೀತರಚನಕಾರರೂ ಹೌದು. 1962ರಲ್ಲಿ ತೆರೆಕಂಡ ‘ಸ್ವರ್ಣಗೌರಿ’ ಚಿತ್ರಕ್ಕೆ ಅವರು ಬರೆದ ಶಿವಸ್ತುತಿ ಆರು ದಶಕಗಳ ಬಳಿಕವೂ ಕೇಳಿಬರುತ್ತದೆ. ಹಾಡಿದವರ ಹೆಸರನ್ನು ನೆನಪಿಡುವ ಕೇಳುಗರಲ್ಲಿ ಎಷ್ಟು ಮಂದಿಗೆ ಬರೆದವರು ಯಾರೆಂದು ಗೊತ್ತಿದೆಯೋ ಅನುಮಾನ. ಮುಸ್ಲಿಂ ಕುಟುಂಬದಲ್ಲಿ ಜನಿಸಿದ ಕವಿ ಶಿವನನ್ನು ಕುರಿತು ಬರೆದದ್ದನ್ನು ಇಂದು ವಿಶೇಷವೆಂಬಂತೆ ಎತ್ತಿ ಹೇಳುವುದುಂಟು. ಪೌರಾಣಿಕ ಕಥೆ, ಗರತಿಯ ಹಾಡು, ತತ್ತ್ವಪದಗಳ ನಡುವೆಯೇ ಓಡಾಡಿಕೊಂಡಿದ್ದವರಿಗೆ ಅದು ಅಂತಹ ವಿಶೇಷವೇನೂ ಆಗಿರಲಾರದು.

ಅವರು ನೂರರ ಆಸುಪಾಸಿನಲ್ಲಿ ತೀರಿಕೊಂಡಾಗ ಕನ್ನಡ ಜಾನಪದ ಕ್ಷೇತ್ರ ಹಿಂದಿನ ವರ್ಷದ ಇನ್ನೊಂದು ನಷ್ಟದಿಂದ ಚೇತರಿಸಿಕೊಂಡಿರಲಿಲ್ಲ. ಕರ್ನಾಟಕ ಜಾನಪದ ಪರಿಷತ್ತನ್ನೂ ರಾಮನಗರದ ಬಳಿಯ ಜಾನಪದ ಲೋಕವನ್ನೂ ಕಟ್ಟಿದ ಎಚ್.ಎಲ್. ನಾಗೇಗೌಡರು 2005ರಲ್ಲಿ ನಿಧನರಾಗಿದ್ದರು. ನಾಗೇಗೌಡರು ಹಾಡುಗಳಿಗೆ ಸಂಸ್ಥೆಯೊಂದನ್ನು ಒದಗಿಸಿದರು. ಕರೀಂ ಖಾನರಾದರೋ ಹಾಡುಗಳನ್ನು ತಮ್ಮ ಕಂಠದಲ್ಲಿಯೇ ಹೊತ್ತು ತಿರುಗಿದರು. ಸಂಸ್ಥೆಗೆ ಉತ್ತರಾಧಿಕಾರಿಗಳು ದೊರೆಯುತ್ತಾರೆ, ಕಂಠಕ್ಕೆ ದೊರೆಯುವುದು ಕಷ್ಟ.

ಕಿಂಗ್‌ಸ್ಟನ್ನಿನ ‘ಮಿಸ್ ಲೂ’

ಕರೀಂ ಖಾನರು ತೀರಿಕೊಂಡ ವಾರದಲ್ಲೇ, ಜುಲೈ 26ರಂದು, ಕೆನಡಾದ ಟೊರಾಂಟೊದಲ್ಲಿ ಲೂಯಿಸ್ ಬೆನೆಟ್ ನಿಧನರಾದರು. 1919ರಲ್ಲಿ ಜಮೈಕಾದ ಕಿಂಗ್‌ಸ್ಟನ್ನಿನಲ್ಲಿ ಹುಟ್ಟಿದ ಅವರು ಜನರ ಬಾಯಲ್ಲಿ ‘ಮಿಸ್ ಲೂ’. ಶಾಲೆಗಳು ಕಲಿಸುತ್ತಿದ್ದ ಇಂಗ್ಲಿಷನ್ನು ಬಿಟ್ಟು, ಸಂತೆಯ ಹೆಂಗಸರು ಆಡುವ ಜಮೈಕಾದ ಆಡುನುಡಿಯಲ್ಲಿ ಅವರು ಪದ್ಯ ಬರೆದರು, ಅದನ್ನು ವೇದಿಕೆಯ ಮೇಲೆ, ಬಾನುಲಿಯಲ್ಲಿ, ದೂರದರ್ಶನದಲ್ಲಿ ಆಡಿ ಹಾಡಿ ತೋರಿಸಿದರು. ತಮ್ಮ ದ್ವೀಪದ ಜನಪದ ಕಥೆ, ಗಾದೆ, ಗೀತೆಗಳನ್ನು ಸಂಗ್ರಹಿಸಿದರು. ಅವರ ಹೆಸರಾಂತ ಸಂಕಲನ ‘ಜಮೈಕಾ ಲ್ಯಾಬ್ರಿಷ್’ 1966ರಲ್ಲಿ ಹೊರಬಂದಿತು.

ದ್ವೀಪದ ಜನ ಮೆಚ್ಚಿ ನಕ್ಕು ಕೇಳುತ್ತಿದ್ದಾಗಲೂ ಅಲ್ಲಿನ ಸಾಹಿತ್ಯ ವಲಯ ಆಕೆಯನ್ನು ದೀರ್ಘಕಾಲ ವಿನೋದದ ಕಲಾವಿದೆಯೆಂದೇ ಪರಿಗಣಿಸಿತು, ಕವಿಯೆಂದು ಒಪ್ಪಲಿಲ್ಲ. ಈ ನಿಲುವನ್ನು ಪ್ರಶ್ನಿಸಿದವರಲ್ಲಿ ಬಾರ್ಬಡೋಸ್‌ನ ಕವಿ ಕಮಾವು ಬ್ರಾಥ್‌ವೇಟ್ ಪ್ರಮುಖರು. ಕೆರಿಬಿಯನ್ ಜನರ ಆಡುನುಡಿಯನ್ನು ಕೀಳು ಉಪಭಾಷೆಯೆಂದು ಕರೆಯಬಾರದು, ಅದು ಆ ನಾಡಿನ ಭಾಷೆಯೇ ಎಂದು ಅವರು ವಾದಿಸಿದರು. ಅದೇ 2006ರಲ್ಲಿ ಬ್ರಾಥ್‌ವೇಟರ ‘ಬಾರ್ನ್ ಟು ಸ್ಲೋ ಹಾರ್ಸಸ್’ ಸಂಕಲನಕ್ಕೆ ಕೆನಡಾದ ಗ್ರಿಫಿನ್ ಕಾವ್ಯ ಪ್ರಶಸ್ತಿಯ ಅಂತಾರಾಷ್ಟ್ರೀಯ ವಿಭಾಗದ ಪುರಸ್ಕಾರ ದೊರೆಯಿತು. ಬೆನೆಟ್ ಅವರ ಪಾರ್ಥಿವ ಶರೀರವನ್ನು ಜಮೈಕಾಕ್ಕೆ ಕೊಂಡೊಯ್ದು ಸರ್ಕಾರಿ ಗೌರವಗಳೊಂದಿಗೆ ರಾಷ್ಟ್ರವೀರರ ಉದ್ಯಾನದಲ್ಲಿ ಮಣ್ಣು ಮಾಡಲಾಯಿತು.

ಜಮೈಕಾದ ಕಬ್ಬಿನ ತೋಟಗಳಿಗೂ ಸಕಲೇಶಪುರದ ಕಾಫಿ ತೋಟಗಳಿಗೂ ಹೋಲಿಕೆಯನ್ನು ಎಳೆದು ತರುವ ಅಗತ್ಯವಿಲ್ಲ. ಕೂಲಿಯ ದುಡಿಮೆಯ ನಡುವೆ ಹುಟ್ಟಿದ ಹಾಡು ಪುಸ್ತಕಕ್ಕೆ ಬರುವುದು ತಡವಾಗಿ ಎಂಬುದು ಮಾತ್ರ ಎರಡೂ ಕಡೆಯ ಸತ್ಯ.

ಪಟ್ಟಿಗೆ ಸೇರದ ಕಾವ್ಯ

ಸಕಲೇಶಪುರ ಮತ್ತು ಆಲೂರು ತಾಲ್ಲೂಕುಗಳ ಬೆಟ್ಟಸಾಲಿನಲ್ಲಿ ಕಾವ್ಯಕ್ಕೆ ತನ್ನದೇ ಆದ ಪಂಚಾಂಗವಿತ್ತು. ಮುಂಗಾರು ಹಿಡಿದ ಮೇಲೆ ಕಣಿವೆಯ ಗದ್ದೆಗಳಲ್ಲಿ ನಾಟಿಯ ಹಾಡು, ಮದುವೆಯ ಮನೆಗಳಲ್ಲಿ ಸೋಬಾನೆ, ಯುಗಾದಿಯ ಆಸುಪಾಸಿನಲ್ಲಿ ಗ್ರಾಮದೇವತೆಗಳ ಸುಗ್ಗಿಯ ಕುಣಿತ. ಸುಗ್ಗಿ ಇಂದಿಗೂ ಹಲವು ಊರುಗಳಲ್ಲಿ ನಡೆಯುತ್ತಿದೆ. ಪಟ್ಟಣ ಸೇರಿದವರೂ ಅದಕ್ಕೆಂದು ಊರಿಗೆ ಮರಳುತ್ತಾರೆ.

ನಾಟಿಯ ಹಾಡಿನ ಸ್ಥಿತಿ ಹಾಗಿಲ್ಲ. ಕೂಲಿಯಾಳುಗಳ ಅಭಾವ, ಭತ್ತದಿಂದ ಗಿಟ್ಟದ ಲಾಭ, ಎಲ್ಲಕ್ಕೂ ಮಿಗಿಲಾಗಿ ಕಾಡಾನೆಗಳ ಹಾವಳಿಯಿಂದ ಈ ಭಾಗದ ಅನೇಕ ಗದ್ದೆಗಳು ಪಾಳು ಬಿದ್ದಿವೆ ಅಥವಾ ಬೇರೆ ಬೆಳೆಗೆ ತಿರುಗಿವೆ. 2014ರಲ್ಲಿ ಆಲೂರು–ಸಕಲೇಶಪುರ ವಲಯದಿಂದ 22 ಆನೆಗಳನ್ನು ಸೆರೆಹಿಡಿದು ಸಾಗಿಸಿದ ನಂತರವೂ ಸಮಸ್ಯೆ ಬಗೆಹರಿಯಲಿಲ್ಲ. ಹತ್ತಾರು ಹೆಂಗಸರು ಸಾಲಾಗಿ ಬಾಗಿ ಸಸಿ ನೆಡುವಾಗ, ಒಬ್ಬಳು ಎತ್ತಿಕೊಟ್ಟದ್ದನ್ನು ಉಳಿದವರು ಸೊಲ್ಲಾಗಿ ಹಿಡಿಯುವ ಹಾಡದು. ಗದ್ದೆಯೇ ಇಲ್ಲವಾದ ಮೇಲೆ ಆ ಹಾಡನ್ನು ವೇದಿಕೆಯಲ್ಲಿ ಹಾಡಬಹುದು, ಧ್ವನಿಮುದ್ರಿಸಬಹುದು. ಅದರ ಲಯ ಮಾತ್ರ ಕೈಕೆಲಸದ ಲಯವಾಗಿ ಉಳಿಯುವುದಿಲ್ಲ. ಇಂತಹ ಹಾಡು ಯಾವ ವರ್ಷ ನಿಂತಿತೆಂದು ದಾಖಲಿಸುವ ಪಟ್ಟಿ ಯಾವುದೂ ಇಲ್ಲ. ಜಾನಪದಕ್ಕೇ ಮೀಸಲಾದ ವಿಶ್ವವಿದ್ಯಾಲಯ ಹಾವೇರಿ ಜಿಲ್ಲೆಯ ಗೊಟಗೋಡಿಯಲ್ಲಿ ಸ್ಥಾಪನೆಯಾದದ್ದು 2011ರಲ್ಲಿ. ಅಷ್ಟರಲ್ಲಿ ಕರೀಂ ಖಾನರು ತೀರಿಕೊಂಡು ಐದು ವರ್ಷಗಳಾಗಿದ್ದವು.

ಪ್ರಶಸ್ತಿಗಳು

ಜಗತ್ತಿನ ದೊಡ್ಡ ಬಹುಮಾನಗಳನ್ನು ಬೇಗನೆ ಹೇಳಿ ಮುಗಿಸಬಹುದು. ಸಾಹಿತ್ಯದ ನೊಬೆಲ್ ಕಾದಂಬರಿಕಾರ ಒರ್ಹಾನ್ ಪಮುಕ್ ಅವರ ಪಾಲಾಯಿತು. ಸ್ಪ್ಯಾನಿಷ್ ಭಾಷೆಯ ಸರ್ವಾಂತಿಸ್ ಪ್ರಶಸ್ತಿ ಕವಿ ಅಂತೋನಿಯೊ ಗಮೊನೆದಾ ಅವರಿಗೂ, ಮ್ಯಾಸಿಡೋನಿಯಾದ ಸ್ತ್ರೂಗಾ ಕಾವ್ಯೋತ್ಸವದ ಸ್ವರ್ಣಮಾಲೆ ಕ್ಯೂಬಾದ ನಾನ್ಸಿ ಮೊರೆಹೋನ್ ಅವರಿಗೂ, ಅಮೆರಿಕದ ನ್ಯೂಸ್ಟಾಟ್ ಪುರಸ್ಕಾರ ಮಧ್ಯ ಅಮೆರಿಕದ ಕ್ಲಾರಿಬೆಲ್ ಅಲೆಗ್ರಿಯಾ ಅವರಿಗೂ ಸಂದವು. ಐರ್ಲೆಂಡಿನ ಸೀಮಸ್ ಹೀನಿ ಅವರ ‘ಡಿಸ್ಟ್ರಿಕ್ಟ್ ಅಂಡ್ ಸರ್ಕಲ್’ ಈ ವರ್ಷದ ಮಹತ್ತ್ವದ ಸಂಕಲನ, ಟಿ.ಎಸ್. ಎಲಿಯಟ್ ಬಹುಮಾನ ಅದಕ್ಕೇ ಬಂದಿತು.

ಶಿವಮೊಗ್ಗದ ಡಿಸೆಂಬರ್

ಕರ್ನಾಟಕದ ಮಟ್ಟಿಗೆ 2006 ಸಂಭ್ರಮ ಮತ್ತು ಶೋಕ ಎರಡನ್ನೂ ಕಂಡ ವರ್ಷ. ಏಪ್ರಿಲ್ 12ರಂದು ಡಾ. ರಾಜ್‌ಕುಮಾರ್ ನಿಧನರಾದರು, ನವೆಂಬರ್ 1ರಂದು ರಾಜ್ಯಕ್ಕೆ ಐವತ್ತು ತುಂಬಿತು. ಸುವರ್ಣ ಕರ್ನಾಟಕದ ಹಿನ್ನೆಲೆಯಲ್ಲಿ ಡಿಸೆಂಬರ್ ತಿಂಗಳಲ್ಲಿ ಶಿವಮೊಗ್ಗದಲ್ಲಿ ನಡೆದ 73ನೇ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಕವಿ ಕೆ.ಎಸ್. ನಿಸಾರ್ ಅಹಮದ್ ಅಧ್ಯಕ್ಷರಾಗಿದ್ದರು. ಭೂವಿಜ್ಞಾನದ ಅಧ್ಯಾಪಕರಾಗಿ ಅದೇ ಊರಿನ ಸಹ್ಯಾದ್ರಿ ಕಾಲೇಜಿನಲ್ಲಿ ಪಾಠ ಹೇಳಿದ್ದ ಅವರಿಗೆ ಅದು ಪರಸ್ಥಳವೇನೂ ಆಗಿರಲಿಲ್ಲ.

ಹಾಡು ಮತ್ತು ಪುಸ್ತಕದ ನಡುವಿನ ಅಂತರವನ್ನು ಕುರಿತು ಯೋಚಿಸುವವರಿಗೆ ಈ ಆಯ್ಕೆ ಅರ್ಥಪೂರ್ಣ. ನಿಸಾರ್ ಅವರದು ನವ್ಯದ ಕಾಲದಲ್ಲಿ ಬೆಳೆದ, ವ್ಯಂಗ್ಯವನ್ನು ಬಲ್ಲ ಕಾವ್ಯ. ಆದರೆ ಅವರ ಹೆಸರನ್ನು ಓದು ಬಾರದವರ ಮನೆಗೂ ಮುಟ್ಟಿಸಿದ್ದು ಮೈಸೂರು ಅನಂತಸ್ವಾಮಿಯವರ ಸ್ವರಸಂಯೋಜನೆಯಲ್ಲಿ 1978ರಲ್ಲಿ ಬಿಡುಗಡೆಯಾದ ‘ನಿತ್ಯೋತ್ಸವ’ ಧ್ವನಿಸುರುಳಿ. ಕನ್ನಡ ಭಾವಗೀತೆಗಳ ಮೊದಲ ಧ್ವನಿಸುರುಳಿಯೆಂಬ ಹೆಗ್ಗಳಿಕೆ ಅದಕ್ಕಿದೆ. ವಿಮರ್ಶಕರು ಚರ್ಚಿಸುವ ಅವರ ಕವಿತೆಗಳೇ ಬೇರೆ, ಜನ ಗುನುಗುವುದೇ ಬೇರೆ. ಈ ಎರಡನ್ನೂ ಒಟ್ಟಿಗೆ ಓದಬೇಕೆಂಬುದು ಈ ಲೇಖನದ ಅಭಿಮತ.

ಮಳೆಯ ಸಿನಿಮಾ

ವರ್ಷ ಮುಗಿಯಲು ಎರಡು ದಿನಗಳಿದ್ದಾಗ, ಡಿಸೆಂಬರ್ 29ರಂದು ಯೋಗರಾಜ್ ಭಟ್ ನಿರ್ದೇಶನದ ‘ಮುಂಗಾರು ಮಳೆ’ ತೆರೆಕಂಡಿತು. ಸಕಲೇಶಪುರ, ಮಡಿಕೇರಿ, ಜೋಗದ ಸುತ್ತಮುತ್ತ ನಿಜವಾದ ಮಳೆಯಲ್ಲಿ ಬಹುಪಾಲು ಚಿತ್ರೀಕರಣಗೊಂಡ ಈ ಚಿತ್ರ ಬೆಂಗಳೂರಿನಲ್ಲಿ ಒಂದು ವರ್ಷಕ್ಕೂ ಹೆಚ್ಚು ಕಾಲ ಓಡಿತು. ಮನೋಮೂರ್ತಿ ಸಂಗೀತದ ಹಾಡುಗಳು ಆ ಯಶಸ್ಸಿಗೆ ಮುಖ್ಯ ಕಾರಣ. ಅವುಗಳ ಗೀತಸಾಹಿತ್ಯಕ್ಕೆ ಕೈಜೋಡಿಸಿದವರಲ್ಲಿ ಜಯಂತ ಕಾಯ್ಕಿಣಿ ಒಬ್ಬರು.

ಗೋಕರ್ಣದಲ್ಲಿ 1955ರಲ್ಲಿ ಹುಟ್ಟಿದ ಕಾಯ್ಕಿಣಿ ಅದಾಗಲೇ ‘ರಂಗದಿಂದೊಂದಿಷ್ಟು ದೂರ’, ‘ಕೋಟಿತೀರ್ಥ’, ‘ಶ್ರಾವಣ ಮಧ್ಯಾಹ್ನ’, ‘ನೀಲಿಮಳೆ’ ಸಂಕಲನಗಳನ್ನು ಪ್ರಕಟಿಸಿದ್ದ, ಸಾಹಿತ್ಯಾಸಕ್ತರು ಗೌರವದಿಂದ ಕಾಣುತ್ತಿದ್ದ ಕವಿ. ಆ ಸಂಕಲನಗಳ ಓದುಗರು ಒಟ್ಟಾರೆ ಎಷ್ಟಿದ್ದರೋ ಅದರ ಅನೇಕ ಪಾಲು ಮಂದಿ ಒಂದೇ ಹಾಡಿನ ಮೂಲಕ ಅವರ ಶಬ್ದಗಳನ್ನು ಬಾಯಿಪಾಠ ಮಾಡಿಕೊಂಡರು. ಬಸ್ಸುಗಳಲ್ಲಿ, ಮೊಬೈಲುಗಳಲ್ಲಿ, ಕಾಲೇಜಿನ ಕಟ್ಟೆಗಳಲ್ಲಿ ಅದೇ ಕೇಳಿಬರುತ್ತಿತ್ತು. ಕವಿಯಾದವರು ಸಿನಿಮಾಕ್ಕೆ ಬರೆಯುವುದೇ ಎಂದು ಹುಬ್ಬೇರಿಸಿದವರಿಗೆ ‘ಬೆಳ್ಳಿ ಮೋಡ’ದ ನೆನಪಿರಲಿಲ್ಲವೆಂದು ತೋರುತ್ತದೆ, 1967ರ ಆ ಚಿತ್ರದಲ್ಲಿ ಬೇಂದ್ರೆಯವರ ಕವಿತೆಯೇ ಹಾಡಾಗಿತ್ತು. ಇನ್ನು ‘ಸ್ವರ್ಣಗೌರಿ’ ಅದಕ್ಕಿಂತಲೂ ಐದು ವರ್ಷ ಹಿಂದಿನದು.

‘ಮುಂಗಾರು ಮಳೆ’ಯ ನಂತರದ ವರ್ಷಗಳಲ್ಲಿ ಕಾಯ್ಕಿಣಿ ನೂರಾರು ಚಿತ್ರಗೀತೆಗಳನ್ನು ಬರೆದರು. ದಕ್ಷಿಣ ಏಷ್ಯಾದ ಸಾಹಿತ್ಯಕ್ಕೆ ಮೀಸಲಾದ ಡಿಎಸ್‌ಸಿ ಪ್ರಶಸ್ತಿ 2018ರ ಸಾಲಿಗಾಗಿ ಅವರಿಗೆ ಬಂದದ್ದು ಇಂಗ್ಲಿಷಿಗೆ ಅನುವಾದಗೊಂಡ ಮುಂಬೈ ಕಥೆಗಳಿಗಾಗಿ.